ಬಂಗೂರನಗರಕ್ಕೆ ಬಂದ ಪಾರ್ಸೆಲ್: ಕಾಳಿ ಕಣಿವೆಯ ದೂರವ್ಯಾಪಾರದ ಚರಿತ್ರೆ

ಇ-ವಾಣಿಜ್ಯ, ಅಂದರೆ ಕಂಪ್ಯೂಟರ್ ಅಥವಾ ಮೊಬೈಲ್ ಜಾಲದ ಮೂಲಕ ವಸ್ತುವನ್ನು ಆಯ್ದು, ಬೇಡಿಕೆ ಸಲ್ಲಿಸಿ, ಮನೆಗೆ ತರಿಸಿಕೊಳ್ಳುವ ವ್ಯವಹಾರ, ಅಭಿವೃದ್ಧಿಶೀಲ ದೇಶಗಳಲ್ಲಿ ಹಬ್ಬಿದ ಬಗೆಯನ್ನು ಹೇಳುವ ಬರಹಗಳು ಬಹುಮಟ್ಟಿಗೆ ಬೆಂಗಳೂರು, ಶಾಂಘೈ, ನೈರೋಬಿಯಂಥ ಮಹಾನಗರಗಳಿಂದ ಹೊರಟು ಹಳ್ಳಿಗಳ ಕಡೆಗೆ ಇಳಿಯುತ್ತವೆ. ಹೀಗಾಗಿ ಹಳ್ಳಿ ಮತ್ತು ಸಣ್ಣ ಪಟ್ಟಣಗಳು ಅಲ್ಲಿ ಕೊನೆಗೆ ತಲುಪಬೇಕಾದ ತಾಣಗಳಾಗಿ ಮಾತ್ರ ಕಾಣಿಸಿಕೊಳ್ಳುತ್ತವೆ. ಕೊಳ್ಳುವವನೂ ಮಾರುವವನೂ ಒಬ್ಬರ ಮುಖ ಇನ್ನೊಬ್ಬರು ನೋಡದೆ ನಡೆಸುವ ವ್ಯಾಪಾರವನ್ನು ದೂರವ್ಯಾಪಾರ ಎಂದು ಕರೆಯುವುದಾದರೆ, ಅದು ಅಂತರ್ಜಾಲಕ್ಕಿಂತ ಬಹಳ ಹಳೆಯದು, ಮತ್ತು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳು ಅದರ ಒಂದೊಂದು ಹಂತವನ್ನೂ ತಮ್ಮ ಮೈಮೇಲೆ ಕಂಡಿವೆ. ಈ ಸೀಮೆಯ ಚರಿತ್ರೆಯನ್ನು ಹಿಡಿದು ನೋಡಿದಾಗ ಎದ್ದು ಕಾಣುವ ಸಂಗತಿಯೊಂದಿದೆ: ಇಲ್ಲಿಯ ದಾರಿಗಳೆಲ್ಲ ಸರಕನ್ನು ಹೊರಗೆ ಸಾಗಿಸುವುದಕ್ಕಾಗಿ ಆದವು, ಇಲ್ಲಿಯವರ ಮನೆಬಾಗಿಲಿಗೆ ಸರಕು ತರುವ ವ್ಯವಸ್ಥೆ ಬಹಳ ತಡವಾಗಿ ಬಂತು, ಮತ್ತು ಹಾಗೆ ಬಂದಾಗಲೂ ಇಲ್ಲಿಯವರು ಮಾರುವವರಾಗಲಿಲ್ಲ, ಕೊಳ್ಳುವವರಾದರು.

1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಕೆನರಾ ಮೊದಲು ಮದ್ರಾಸಿನ ಆಡಳಿತದಲ್ಲಿತ್ತು. ಅದರ ಉತ್ತರಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. ಬಂಗೂರನಗರವೆಂಬುದು ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೊಂದು ಕಟ್ಟಿದ ವಸತಿ ಬಡಾವಣೆ. ದಾಂಡೇಲಿ 2018ರಲ್ಲಷ್ಟೇ ಹಳಿಯಾಳದಿಂದ ಬೇರೆಯಾಗಿ ತಾಲ್ಲೂಕಾಯಿತು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಹಿಂದಿ ಎಲ್ಲವೂ ಕಿವಿಗೆ ಬೀಳುವ ಈ ಪಟ್ಟಣದ ಜನಸಂಖ್ಯೆಯೇ ಒಂದರ್ಥದಲ್ಲಿ ದೂರದ ಮಾರುಕಟ್ಟೆ ಕರೆದು ತಂದದ್ದು.

ರೈಲು ಬರುವುದಕ್ಕೆ ಮೊದಲು ಘಟ್ಟದ ಸಾಗಣೆ ನಡೆಯುತ್ತಿದ್ದುದು ಹೇರೆತ್ತುಗಳ ಮೇಲೆ. ಕರಾವಳಿಯ ಉಪ್ಪು, ಕೊಬ್ಬರಿ, ಒಣಮೀನು ಮೇಲಕ್ಕೆ ಏರುತ್ತಿದ್ದವು, ಬಯಲುಸೀಮೆಯ ಹತ್ತಿ, ಕಾಳು ಮತ್ತು ಅರೆಮಲೆನಾಡಿನ ಅಕ್ಕಿ ಕೆಳಕ್ಕೆ ಇಳಿಯುತ್ತಿದ್ದವು. ಹಳಿಯಾಳ ಈ ಎರಡು ಸೀಮೆಗಳ ನಡುವಿನ ಹೊಸ್ತಿಲಿನಂತಿದ್ದುದರಿಂದಲೇ, 1800ರಲ್ಲಿ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನಟ್ಟಿದ್ದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಸೈನ್ಯದ ದವಸದ ವಿಚಾರ ಬಂದಾಗ ಈ ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಮರುವರ್ಷ ಇದೇ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಇಲ್ಲಿಯ ಬೇಸಾಯ, ಬೆಳೆ, ಕಂದಾಯಗಳನ್ನು ದಾಖಲಿಸಿದ. ಕಾಡಿನ ಊರುಗಳ ಕುಣಬಿ, ಗೌಳಿ, ಸಿದ್ದಿ ಕುಟುಂಬಗಳಿಗೆ ಈ ವಹಿವಾಟಿನಲ್ಲಿ ಸಿಗುತ್ತಿದ್ದ ಪಾಲು ವಾರದ ಸಂತೆಯಲ್ಲಿ ಮುಗಿಯುತ್ತಿತ್ತು. ಗೌಳಿಗರ ಬೆಣ್ಣೆ ತುಪ್ಪ, ಕುಣಬಿಗರ ಗೆಡ್ಡೆಗೆಣಸು, ಕಾಡಿನ ಜೇನು ಅಂಟವಾಳ ಸಂತೆಗೆ ಬಂದು, ಉಪ್ಪು, ಬಟ್ಟೆ, ಕತ್ತಿ ಕುಡುಗೋಲುಗಳಾಗಿ ಮರಳುತ್ತಿದ್ದವು. ಸಂತೆಯಲ್ಲಿ ಬೆಲೆ ಕಣ್ಣೆದುರು ಕುದುರುತ್ತದೆ, ತೂಕದ ತಕರಾರೂ ಕಣ್ಣೆದುರೇ ತೀರುತ್ತದೆ. ದೂರವ್ಯಾಪಾರ ಇಲ್ಲವಾಗಿಸಿದ್ದು ಈ ಎದುರುಬದುರನ್ನೇ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅದರಲ್ಲೂ 1878ರ ಅರಣ್ಯ ಕಾಯ್ದೆಯ ನಂತರ, ಕಾಡು ಸರ್ಕಾರದ ಸ್ವತ್ತಾಗಿ ಗಡಿ ಹಾಕಿಸಿಕೊಂಡಾಗ ಈ ಸೀಮೆಯ ಅತಿ ಬೆಲೆಬಾಳುವ ಸರಕಾದ ಸಾಗವಾನಿ ನಾಟಾ ಸಂತೆಯಿಂದ ಪೂರ್ತಿ ಹೊರಗೆ ಹೋಯಿತು. ಅದನ್ನು ಕಡಿಯುವವನು ಇಲಾಖೆಯ ಕೂಲಿ, ಅದನ್ನು ಇಡುವ ಜಾಗ ಇಲಾಖೆಯ ಡಿಪೋ, ಅದಕ್ಕೆ ಬೆಲೆ ಕಟ್ಟುವುದು ದೂರದಿಂದ ಬಂದ ಗುತ್ತಿಗೆದಾರರ ಹರಾಜು. ಕಾಡಿನ ನಡುವೆ ಬದುಕುವವನು ಅದೇ ಕಾಡಿನ ಮರಕ್ಕೆ ಗಿರಾಕಿಯೂ ಆಗದೆ ಮಾರಾಟಗಾರನೂ ಆಗದೆ ಉಳಿದ ಈ ಏರ್ಪಾಡು ಮುಂದಿನ ಎಲ್ಲ ಏರ್ಪಾಡುಗಳಿಗೆ ಮಾದರಿಯಾಯಿತು ಎಂದರೆ ತಪ್ಪಾಗದು.

ರೈಲಿನ ಕಥೆ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಲ್ಲಿ ತಿರುವು ಪಡೆಯುತ್ತದೆ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಆದ ಒಪ್ಪಂದ ಗೋವಾ ಮತ್ತು ಬ್ರಿಟಿಷ್ ಭಾರತಗಳ ನಡುವಿನ ಸುಂಕದ ಗೋಡೆಯನ್ನು ಕೆಡವಿ ಎರಡನ್ನೂ ಒಂದೇ ಸುಂಕವಲಯ ಮಾಡಿತು. ಇಂಥ ಏರ್ಪಾಡಿಗೆ ಸುಂಕ ಒಕ್ಕೂಟವೆಂದು ಹೆಸರು. ಮಾರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಪೋರ್ಚುಗೀಸ್ ಭಾರತದ ರೈಲುಹಳಿ 1888ರ ವೇಳೆಗೆ ಕ್ಯಾಸಲ್‌ರಾಕ್‌ನಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಯನ್ನು ಕೂಡಿಕೊಂಡಿತು, ಹತ್ತಿಯ ಬಂದರಾಗಿ ಬೆಳೆಯುವ ಕನಸು ಕಂಡಿದ್ದ ಕಾರವಾರದ ವ್ಯಾಪಾರ ಆ ಹಳಿಯ ಕಡೆಗೆ ಹರಿದುಹೋಯಿತು. ಒಪ್ಪಂದವಾದರೋ ಬಾಳಲಿಲ್ಲ: 1892ರ ಜನವರಿಯಲ್ಲಿ ಅದು ಮುಗಿಯುತ್ತಿದ್ದಂತೆ ಗಡಿಯ ಸುಂಕ ಮರಳಿತು, ಘಟ್ಟದ ಮಳೆಕಾಡಿನ ಒಂದು ಸಣ್ಣ ನಿಲ್ದಾಣ ಎರಡು ಸಾಮ್ರಾಜ್ಯಗಳ ಸರಕನ್ನು ಬಿಚ್ಚಿ ನೋಡುವ ಕಟ್ಟೆಯಾಯಿತು. 1955ರಲ್ಲಿ ಭಾರತ ಗೋವಾದೊಂದಿಗಿನ ಸಂಚಾರ ನಿಲ್ಲಿಸಿದಾಗ ಹಳಿಯೂ ಮೂಕವಾಯಿತು, 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಗುವವರೆಗೂ ಅಲ್ಲಿಯ ವಿದೇಶಿ ಸರಕು ಕಳ್ಳದಾರಿಗಳನ್ನು ಹುಡುಕಿಕೊಂಡಿತು. ದೂರವ್ಯಾಪಾರದಲ್ಲಿ ಮೈಲಿಗಿಂತ ಗಡಿ ದೊಡ್ಡ ಅಂತರವೆಂಬುದನ್ನು ಜೋಯಿಡಾ ಸೀಮೆ ಅಂದೇ ಅರಿತಿತ್ತು. ಇತ್ತ ಅಳ್ನಾವರದಿಂದ ದಾಂಡೇಲಿಗೆ, ಸುಮಾರು 32 ಕಿಲೋಮೀಟರಿನ ಕವಲುಹಳಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಂದದ್ದೂ ನಾಟಾ ಸಾಗಿಸುವುದಕ್ಕೆ. ಪ್ರಯಾಣಿಕರು ಆ ಹಳಿಗೆ ಎಂದೂ ಎರಡನೆಯ ಬಾಬತ್ತೇ ಆಗಿದ್ದರು. ಅವರ ಗಾಡಿ ನಿಂತುಹೋಗಿ, ದಶಕಗಳ ನಂತರ 2019ರಲ್ಲಿ ಅಂಬೇವಾಡಿಯವರೆಗೆ ಮತ್ತೆ ಓಡತೊಡಗಿತು.

ಸರಕು ಹೊರಗೆ ಹೋಗುವ ಈ ದೊಡ್ಡ ದಾರಿಗಳ ನಡುವೆ, ಸರಕು ಒಳಗೆ ಬರುವ ಒಂದು ಸಣ್ಣ ದಾರಿ ಅಂಚೆಯಿಂದ ತೆರೆಯಿತು. ಭಾರತೀಯ ಅಂಚೆ 1877ರ ಡಿಸೆಂಬರಿನಲ್ಲಿ ವಿ.ಪಿ.ಪಿ. ಎಂಬ ಸೇವೆಯನ್ನು ಆರಂಭಿಸಿತು. ಬೆಲೆ ತೆತ್ತು ಬಿಡಿಸಿಕೊಳ್ಳುವ ಅಂಚೆ ಎಂಬುದು ಅದರ ತಾತ್ಪರ್ಯ. ಮಾರುವವನು ಗಂಟನ್ನು ಅಂಚೆಕಚೇರಿಗೆ ಒಪ್ಪಿಸಿ ಅದರ ಬೆಲೆ ಬರೆದುಕೊಡುತ್ತಾನೆ. ಊರಿನ ಪೋಸ್ಟ್‌ಮನ್ ಆ ಬೆಲೆಯನ್ನು ವಸೂಲಿ ಮಾಡಿಕೊಂಡ ಮೇಲೆಯೇ ಗಂಟನ್ನು ಕೊಡುತ್ತಾನೆ. ಹಣ ಮನಿಯಾರ್ಡರಿನ ಮೂಲಕ ಮಾರಿದವನಿಗೆ ಹೋಗುತ್ತದೆ. ಕೊಳ್ಳುವವನು ಬೇಡವೆಂದರೆ ಗಂಟು ಬಂದ ದಾರಿಯಲ್ಲೇ ಮರಳುತ್ತದೆ. 1880ರಲ್ಲಿ ಮನಿಯಾರ್ಡರ್ ಕೆಲಸ ಸರ್ಕಾರಿ ಖಜಾನೆಗಳಿಂದ ಅಂಚೆಕಚೇರಿಗಳಿಗೆ ವರ್ಗವಾದದ್ದರಿಂದ ಈ ಸರಪಳಿ ಪೂರ್ಣವಾಯಿತು. ಮುಖ ಕಾಣದ ಇಬ್ಬರ ನಡುವೆ ಹಣ ಮೊದಲೋ ಸರಕು ಮೊದಲೋ ಎಂಬ ತಗಾದೆಯನ್ನು ಇಬ್ಬರೂ ನಂಬುವ ಮೂರನೆಯವನೊಬ್ಬನ ಕೈಗೆ ಒಪ್ಪಿಸಿ ಬಗೆಹರಿಸಿದ್ದು ಈ ಸೇವೆಯ ಜಾಣ್ಮೆ. ಆ ಮೂರನೆಯವನು ಬ್ಯಾಂಕಲ್ಲ, ವರ್ತಕನಲ್ಲ, ಊರಿಗೆಲ್ಲ ಗುರುತಿನ ಅಂಚೆಯವನು. ಕೈಗಡಿಯಾರ, ಔಷಧ, ಪಂಚಾಂಗ, ಬೀಜ, ಪುಸ್ತಕಗಳ ಜಾಹೀರಾತುಗಳ ಕೆಳಗೆ ವಿ.ಪಿ.ಪಿ. ಮೂಲಕ ಕಳುಹಿಸಲಾಗುವುದು ಎಂಬ ಸಾಲು ಭಾರತದ ಪತ್ರಿಕೆಗಳಲ್ಲಿ ಮುಂದಿನ ನೂರು ವರ್ಷ ಕಾಯಂ ಆಗಿ ನಿಂತಿತು. ಇ-ವಾಣಿಜ್ಯದ ಚರಿತ್ರೆ ಬರೆಯುವವರು ಈ ಸಾಲಿಗೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ.

ಕನ್ನಡದ ಮಟ್ಟಿಗೆ ಈ ಬಗೆಯ ವ್ಯಾಪಾರದ ಉತ್ತಮ ಉದಾಹರಣೆ ಹಳಿಯಾಳದ ನೆರೆಯ ಧಾರವಾಡದಲ್ಲೇ ಇದೆ. 1933ರಲ್ಲಿ ಜಿ. ಬಿ. ಜೋಶಿ ಮತ್ತು ಗೆಳೆಯರು ಆರಂಭಿಸಿದ ಮನೋಹರ ಗ್ರಂಥಮಾಲೆ ಓದುಗರಿಂದ ವರ್ಷದ ಚಂದಾ ಪಡೆದು ಆ ವರ್ಷದ ಪುಸ್ತಕಗಳನ್ನು ಅವರಿಗೆ ಮುಟ್ಟಿಸುವ ಕ್ರಮವನ್ನು ರೂಢಿಗೆ ತಂದಿತು. ಇನ್ನೂ ಅಚ್ಚಾಗದ ಪುಸ್ತಕಕ್ಕೆ ಓದುಗ ಮುಂಗಡ ಹಣ ಕೊಡುವುದೆಂದರೆ, ವಿ.ಪಿ.ಪಿ.ಯಲ್ಲಿ ಅಂಚೆಯವನ ಮೇಲಿದ್ದ ಭರವಸೆ ಇಲ್ಲಿ ಸಂಪಾದಕರ ಹೆಸರಿನ ಮೇಲೆ ನಿಂತಿತು ಎಂದರ್ಥ. ಪುಸ್ತಕದಂಗಡಿಯಿಲ್ಲದ ಊರುಗಳಿಗೂ ಒಳ್ಳೆಯ ಕನ್ನಡ ಪುಸ್ತಕ ತಲುಪುವ ಈ ದಾರಿಯಲ್ಲಿ ಅಂಗಡಿಯವನ ಕಮಿಷನ್ ಉಳಿಯುತ್ತಿತ್ತು, ಅಚ್ಚಿಗೆ ಬೇಕಾದ ಬಂಡವಾಳವೂ ಮೊದಲೇ ಒದಗುತ್ತಿತ್ತು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಭಾರತದ ಇ-ವಾಣಿಜ್ಯದ ದೊಡ್ಡ ಹೆಸರೊಂದು ಪುಸ್ತಕದಿಂದಲೇ ಮೊದಲಾದದ್ದು ಆಕಸ್ಮಿಕವೆನಿಸದು: ಪುಸ್ತಕ ಕೆಡುವುದಿಲ್ಲ, ಅದಕ್ಕೆ ಅಳತೆಯ ತಕರಾರಿಲ್ಲ, ಒಂದು ಪ್ರತಿ ಇನ್ನೊಂದರಂತೆಯೇ ಇರುತ್ತದೆ.

ದಾಂಡೇಲಿಯನ್ನು ಊರಿನಿಂದ ಪಟ್ಟಣ ಮಾಡಿದ್ದು ಕಾಗದ. ಬಂಗೂರ್ ಮನೆತನದವರ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ, ಈ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಸ್ಥಾಪನೆಯಾಗಿ 1959ರಲ್ಲಿ ಉತ್ಪಾದನೆ ಆರಂಭಿಸಿತು. ಕಾಳಿ ನದಿಯ ನೀರು, ಸುತ್ತಲ ಕಾಡಿನ ಬಿದಿರು ಮತ್ತು ನಾಟಾಕ್ಕಾಗಿ ಹಾಕಿದ್ದ ರೈಲುಹಳಿ, ಈ ಮೂರರಿಂದಾಗಿ ಜಾಗದ ಆಯ್ಕೆ ತಾನಾಗಿಯೇ ಆದಂತಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಇತಿಹಾಸಕಾರ ರಾಮಚಂದ್ರ ಗುಹಾ 1992ರ ತಮ್ಮ ಕೃತಿಯಲ್ಲಿ ದಾಖಲಿಸಿರುವಂತೆ, ಸರ್ಕಾರ ಈ ಮಿಲ್ಲಿಗೆ ಬಿದಿರನ್ನು ಮೊದಲಿಗೆ ಒಪ್ಪಿಕೊಟ್ಟದ್ದು ಟನ್ನಿಗೆ 1 ರೂಪಾಯಿ 50 ಪೈಸೆಯ ದರದಲ್ಲಿ. ಬುಟ್ಟಿ ಮೊರ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದೇ ಬಿದಿರಿಗೆ ಇದರ ಎಷ್ಟೋ ಪಟ್ಟು ತೆರುತ್ತಿದ್ದರು. ಮುಂದೆ ಎಪ್ಪತ್ತರ ದಶಕದಲ್ಲಿ ಗಾಡ್ಗೀಳರು ಕೈಗೊಂಡ ಅಧ್ಯಯನ ಜಿಲ್ಲೆಯ ಬಿದಿರು ಎಷ್ಟು ಸವೆದಿದೆ ಎಂಬುದನ್ನು ತೋರಿಸಿತು. ಇಲ್ಲಿ ಕಾಣುವ ವ್ಯತ್ಯಾಸ ಬರೀ ಅಗ್ಗ ತುಟ್ಟಿಯದಲ್ಲ. ಸಗಟಾಗಿ, ದೂರದಿಂದ, ಕರಾರಿನ ಮೇಲೆ ಕೊಳ್ಳುವವನಿಗೆ ಒಂದು ಬೆಲೆ ಮತ್ತು ಚಿಲ್ಲರೆಯಾಗಿ, ಹತ್ತಿರದಿಂದ, ರೊಕ್ಕ ಕೊಟ್ಟು ಕೊಳ್ಳುವವನಿಗೆ ಇನ್ನೊಂದು ಬೆಲೆ ಎಂಬ ನಿಯಮ ಅಲ್ಲಿ ನೆಲೆಯೂರಿತ್ತು, ಇಂದು ಆನ್‌ಲೈನ್ ರಿಯಾಯಿತಿಯ ಬಗ್ಗೆ ಕಿರಾಣಿ ಅಂಗಡಿಯವರು ಆಡುವ ದೂರಿನ ತಿರುಳೂ ಅದೇ. ಮಿಲ್ಲು ಈಗ ಬಹುಪಾಲು ರೈತರ ಹೊಲಗಳಲ್ಲಿ ಬೆಳೆದ ನೀಲಗಿರಿ, ಸುಬಾಬುಲ್, ಗಾಳಿಮರಗಳನ್ನು ನೆಚ್ಚಿದೆ, ವರ್ಷಕ್ಕೆ 3.2 ಲಕ್ಷ ಟನ್ ಕಾಗದ ಮಾಡುವ ಸಾಮರ್ಥ್ಯ ಪಡೆದಿದೆ.

ತಿಂಗಳ ಸಂಬಳದ ಸಾವಿರಾರು ಕುಟುಂಬಗಳು ಒಂದೇ ಕಡೆ ನೆಲೆಸಿದ್ದರಿಂದ ಬಂಗೂರನಗರ ಈ ಕಾಡುಸೀಮೆಯ ಮೊದಲ ನಿಶ್ಚಿತ ಗ್ರಾಹಕ ಸಮುದಾಯವಾಯಿತು. ಪಗಾರದ ದಿನ ಗೊತ್ತಿರುವ ಗಿರಾಕಿಗೆ ಉದ್ರಿ ಕೊಡುವುದು ಅಂಗಡಿಕಾರನಿಗೆ ಸುಲಭ. ಕಿರಾಣಿ ಅಂಗಡಿಯ ಖಾತೆಪುಸ್ತಕ ಇಂಥ ಕಾರ್ಖಾನೆಯೂರುಗಳಲ್ಲಿ ಬ್ಯಾಂಕಿನ ಕೆಲಸವನ್ನೂ ಮಾಡುತ್ತಿತ್ತು. ಪ್ಲೈವುಡ್, ಫೆರೊ ಮ್ಯಾಂಗನೀಸ್ ಕಾರ್ಖಾನೆಗಳೂ ಇಲ್ಲಿ ನಡೆದು ಕಾಲಕ್ರಮದಲ್ಲಿ ನಿಂತವು. ಇದೇ ಹೊತ್ತಿಗೆ ಕಾಳಿ ನದಿಯ ಮೇಲ್ಭಾಗದಲ್ಲಿ 1974ರಿಂದ 1987ರವರೆಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪಟ್ಟಣ ತನ್ನ ಪೇಟೆಯ ಸಮೇತ ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ, ನಿರಾಶ್ರಿತರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಒಂದು ಪೇಟೆ ಹೀಗೆ ನೀರುಪಾಲಾದ ತಾಲ್ಲೂಕಿನಲ್ಲಿ ಅದಕ್ಕೆ ಸಾಟಿಯಾದ ಇನ್ನೊಂದು ಪೇಟೆ ಬೆಳೆಯಲಿಲ್ಲ, ಜೋಯಿಡಾದವರು ಸಾಮಾನಿಗೆ ದಾಂಡೇಲಿಯನ್ನೇ ನೆಚ್ಚಬೇಕಾಯಿತು.

ಮುಂಡಗೋಡದ ಕಥೆ ಬೇರೆಯೇ ಜಾಡಿನದು. 1966ರಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 4,000 ಎಕರೆ ಭೂಮಿಯಲ್ಲಿ ನೆಲೆಯಾದ ಡೊಗುಲಿಂಗ್ ಟಿಬೆಟಿಯನ್ ವಸಾಹತಿನ ಜನ ಮೆಕ್ಕೆಜೋಳ, ಭತ್ತಗಳ ಬೇಸಾಯದಿಂದ ವರ್ಷ ತುಂಬದಿದ್ದಾಗ ಸ್ವೆಟರ್ ವ್ಯಾಪಾರಕ್ಕೆ ಇಳಿದರು. ಸುಗ್ಗಿ ಮುಗಿಯುವ ಹೊತ್ತಿಗೆ, ಅಂದರೆ ಚಳಿಗಾಲದ ಮೂರು ನಾಲ್ಕು ತಿಂಗಳು, ಭಾರತದ ನಗರಗಳ ಬೀದಿಬದಿಯಲ್ಲಿ ಉಣ್ಣೆಬಟ್ಟೆಯ ಸಾಲು ಅಂಗಡಿ ಹಾಕುವ ಈ ವ್ಯಾಪಾರಕ್ಕೆ ಮಾಲು ಬರುತ್ತಿದ್ದುದು ಪಂಜಾಬಿನ ಲೂಧಿಯಾನದಿಂದ, ಬಹುಮಟ್ಟಿಗೆ ಸಾಲವಾಗಿ. ಮಾರಾಟ ಮುಗಿದ ಮೇಲೆ ಬಾಕಿ ತೀರಿಸಿ ಊರಿಗೆ ಮರಳುವುದು ಪದ್ಧತಿ. ಅಡವಿಡಲು ಭೂಮಿಯ ಒಡೆತನವಿಲ್ಲದ ನಿರಾಶ್ರಿತರಿಗೆ ದೂರದ ಸಗಟು ವರ್ತಕರು ಮಾಲು ನಂಬಿ ಕೊಟ್ಟದ್ದು, ಒಬ್ಬ ತಪ್ಪಿದರೆ ಇಡೀ ಸಮುದಾಯದ ಹೆಸರಿಗೆ ಕುಂದು ಎಂಬ ಅರಿವು ಎರಡೂ ಕಡೆ ಇದ್ದುದರಿಂದ. ಇಂದಿನ ಆನ್‌ಲೈನ್ ಮಳಿಗೆಗಳು ಮಾರಾಟಗಾರನಿಗೆ ಗ್ರಾಹಕರಿಂದ ನಕ್ಷತ್ರದ ಅಂಕ ಕೊಡಿಸಿ ಸಾಧಿಸಲು ಹವಣಿಸುವುದನ್ನು ಈ ವ್ಯಾಪಾರ ಬರೀ ಮಾತಿನ ಮೇಲೆ ದಶಕಗಟ್ಟಲೆ ಸಾಧಿಸಿತ್ತು. ಲೂಧಿಯಾನದ ಅದೇ ಸ್ವೆಟರ್ ಈಗ ಮೊಬೈಲಿನ ತೆರೆಯ ಮೇಲೂ ಸಿಗುವುದರಿಂದ ನಡುವಿನ ಈ ಸಂಚಾರಿ ವರ್ತಕನ ಕೆಲಸ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ಅಂತರ್ಜಾಲ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು, ಅದೂ ಮಹಾನಗರಗಳಲ್ಲಿ ಮಾತ್ರ. 1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ತೆರೆಯಿತು. ಚೀನಾದ ಅಲಿಬಾಬಾ, ಅರ್ಜೆಂಟೀನಾದ ಮೆರ್ಕಾಡೊ ಲಿಬ್ರೆ ಹುಟ್ಟಿದ್ದೂ ಅದೇ ವರ್ಷ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ಕೊಟ್ಟಿತು, 2002ರಲ್ಲಿ ರೈಲು ಟಿಕೆಟನ್ನು ಜಾಲದಲ್ಲಿ ಕೊಳ್ಳುವ ಅವಕಾಶ ಬಂದು, ಎಷ್ಟೋ ಭಾರತೀಯರ ಮೊದಲ ಆನ್‌ಲೈನ್ ಖರೀದಿ ಅದೇ ಆಯಿತು. 2007ರ ಅಕ್ಟೋಬರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಬೆಂಗಳೂರಿನಲ್ಲಿ ಪುಸ್ತಕದಂಗಡಿಯಾಗಿ ಫ್ಲಿಪ್‌ಕಾರ್ಟ್ ಆರಂಭಿಸಿದರು. ಅದರ ಮೊದಲ ಗಿರಾಕಿ ಆಗಿನ ಆಂಧ್ರಪ್ರದೇಶದ ಮಹಬೂಬ್‌ನಗರದವರು. ಬಯಸಿದ ಪುಸ್ತಕ ಸಿಗದ ಜಿಲ್ಲಾಕೇಂದ್ರಗಳಲ್ಲಿಯೇ ಈ ವ್ಯಾಪಾರಕ್ಕೆ ಹಸಿದ ಗಿರಾಕಿಯಿದ್ದಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೂ ಗಿರಾಕಿ ಮುಂದೆ ಬರಲಿಲ್ಲ, ಏಕೆಂದರೆ ಕಾರ್ಡು ಇದ್ದವರು ಕಡಿಮೆ, ಇದ್ದವರಿಗೂ ಕಾಣದ ಅಂಗಡಿಗೆ ಮುಂಗಡ ಕೊಡಲು ಅಳುಕು. 2010ರಲ್ಲಿ ಫ್ಲಿಪ್‌ಕಾರ್ಟ್ ಸರಕು ಕೈಗೆ ಬಂದ ಮೇಲೆ ಹಣ ಕೊಡುವ ಕ್ರಮವನ್ನು, ಈಗ ಎಲ್ಲರೂ ಕ್ಯಾಶ್ ಆನ್ ಡೆಲಿವರಿ ಎನ್ನುವುದನ್ನು, ಜಾರಿಗೆ ತಂದಾಗ ಅದನ್ನು ಭಾರತೀಯ ಇ-ವಾಣಿಜ್ಯದ ಹೊಸ ಶೋಧವೆಂಬಂತೆ ಬಣ್ಣಿಸಲಾಯಿತು. ನಿಜದಲ್ಲಿ ಅದು 133 ವರ್ಷ ಹಳೆಯ ವಿ.ಪಿ.ಪಿ. ಖಾಸಗಿ ಕಂಪನಿಯ ಅಂಗಿ ತೊಟ್ಟು ಬಂದದ್ದು. 2012ರಲ್ಲಿ ನೈಜೀರಿಯಾದಲ್ಲಿ ಆರಂಭವಾದ ಜುಮಿಯಾ ಕೂಡ ಇದೇ ದಾರಿ ಹಿಡಿಯಿತು. ಚೀನಾದ ಟವೊಬಾವೊ ಮಾರುಕಟ್ಟೆ ಬೇರೊಂದು ಉಪಾಯ ಮಾಡಿತು: ಗಿರಾಕಿಯ ಹಣವನ್ನು ತಾನು ಹಿಡಿದಿಟ್ಟುಕೊಂಡು, ಸರಕು ಸರಿಯಾಗಿ ಮುಟ್ಟಿತೆಂದು ಅವನು ಒಪ್ಪಿದ ಮೇಲೆ ಮಾರಾಟಗಾರನಿಗೆ ದಾಟಿಸುವ ಈ ಏರ್ಪಾಡು ಅಲಿಪೇ ಎಂಬ ಸೇವೆಯಾಗಿ ಬೆಳೆಯಿತು. ಕೀನ್ಯಾದಲ್ಲಿ 2007ರ ಎಂ-ಪೆಸಾ ಬ್ಯಾಂಕ್ ಖಾತೆಯಿಲ್ಲದವನ ಸಾದಾ ಮೊಬೈಲನ್ನೇ ಹಣದ ಚೀಲ ಮಾಡಿತು. ಎರಡು ಖಂಡಗಳಲ್ಲಿ ಮೂರು ಉಪಾಯಗಳಾದರೂ ಅವು ಬಿಡಿಸಹೊರಟ ಗಂಟು ಒಂದೇ, ಅದು ಬಡದೇಶಗಳ ಗಂಟು ಮಾತ್ರವೂ ಅಲ್ಲ; ಶ್ರೀಮಂತ ದೇಶಗಳಲ್ಲಿ ಅದನ್ನು ಕ್ರೆಡಿಟ್ ಕಾರ್ಡು ಮತ್ತು ಗ್ರಾಹಕ ನ್ಯಾಯಾಲಯಗಳು ಮೊದಲೇ ಬಿಡಿಸಿಟ್ಟಿದ್ದವು, ಉಳಿದೆಡೆ ಇ-ವಾಣಿಜ್ಯವೇ ತನ್ನ ಖರ್ಚಿನಲ್ಲಿ ಬಿಡಿಸಿಕೊಳ್ಳಬೇಕಾಯಿತು.

ಇಂಥ ವ್ಯಾಪಾರ ದಾಂಡೇಲಿಯಷ್ಟು ಒಳನಾಡಿಗೆ ಬರಲು ಬೇಕಾದ ಅಡಿಪಾಯದ ಒಂದು ಕಲ್ಲು 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್. ಬಂಗೂರನಗರದ 581325, ಹಳಿಯಾಳದ 581329, ಮುಂಡಗೋಡದ 581349, ಜೋಯಿಡಾದ 581186, ಇವೆಲ್ಲ 581 ಎಂಬ ಒಂದೇ ವಿಂಗಡಣಾ ವಲಯದವು. ಯಾವ ಭಾಷೆಯಲ್ಲಿ ಹೇಗೆ ಬರೆದರೂ ವಿಳಾಸ ತಪ್ಪದಂತೆ ಪತ್ರಕ್ಕಾಗಿ ಮಾಡಿದ ಈ ಅಂಕಿಗಳನ್ನೇ ಇಂದು ಪ್ರತಿ ಆನ್‌ಲೈನ್ ಮಳಿಗೆಯೂ ಮೊದಲು ಕೇಳುತ್ತದೆ. 1.5 ಲಕ್ಷಕ್ಕೂ ಹೆಚ್ಚು ಅಂಚೆಕಚೇರಿಗಳ ಜಾಲವನ್ನು ಕಳೆದ ದಶಕದಿಂದ ಇ-ವಾಣಿಜ್ಯ ಕಂಪನಿಗಳೂ ಬಳಸುತ್ತಿರುವುದರಿಂದ, ಖಾಸಗಿ ಕೊರಿಯರ್ ಹೋಗಲೊಲ್ಲದ ಊರುಗಳಿಗೆ ಗ್ರಾಮೀಣ ಅಂಚೆ ಸೇವಕನೇ ಪಾರ್ಸೆಲ್ ಒಯ್ಯುವುದುಂಟು. 2016ರ ಏಪ್ರಿಲಿನಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹಣ ದಾಟಿಸುವ ಯುಪಿಐ ಬಂತು, ಸೆಪ್ಟೆಂಬರಿನಲ್ಲಿ ಜಿಯೋದ ಅಗ್ಗದ ಡೇಟಾ ಬಂತು, ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದವು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ರಾಜ್ಯ ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ತೆರವಾಗಿ, 1892ರಲ್ಲಿ ಮರಳಿದ್ದ ಗೋಡೆಯ ಕೊನೆಯ ಕುರುಹೂ ಕಣ್ಮರೆಯಾದಂತೆ ಕಂಡಿತು.

ಪಾರ್ಸೆಲ್ ಬಂದ ಮೇಲೆ ಕಾಗದದ ಊರಿನಲ್ಲಿ ನಡೆದ ಕೆಲವು ಸೋಜಿಗಗಳನ್ನು ಗಮನಿಸಬೇಕು. ದಾಂಡೇಲಿಯ ಮಿಲ್ಲಿನ ಹೆಸರು ನಿಂತಿದ್ದು ಬರೆಯುವ ಮತ್ತು ಅಚ್ಚಿನ ಕಾಗದದಿಂದ. ಬ್ಯಾಂಕುಗಳ ಚೆಕ್ಕಿಗೆ ಬೇಕಾದ ವಿಶೇಷ ಕಾಗದವನ್ನೂ ಅದು ಮಾಡುತ್ತದೆ. ಪುಸ್ತಕ, ನೋಟುಬುಕ್ಕು, ಚೆಕ್ಕು ಮೂರರ ಜಾಗಕ್ಕೂ ಮೊಬೈಲಿನ ತೆರೆ ಕೈಚಾಚಿರುವಾಗ, ಅದೇ ತೆರೆ ಹುಟ್ಟಿಸಿದ ಬೇಡಿಕೆ ಕಂದು ಬಣ್ಣದ ಡಬ್ಬಿಯದು, ಮತ್ತು ಆ ಡಬ್ಬಿಯ ಒರಟು ಕಾಗದ ಬಹುಪಾಲು ಬೇರೆಡೆಯ ಮಿಲ್ಲುಗಳಲ್ಲಿ ರದ್ದಿಯಿಂದ ತಯಾರಾಗುತ್ತದೆ. ಒಳಗಿನ ಸಾಬೂನು, ಔಷಧಿಗಳ ಪೆಟ್ಟಿಗೆಗೆ ಬೇಕಾದ ದಪ್ಪ ರಟ್ಟನ್ನು ಮಾತ್ರ ದಾಂಡೇಲಿಯೂ ಮಾಡುತ್ತದೆ. ಇನ್ನೂ ಕುತೂಹಲದ ಸಂಗತಿಯೆಂದರೆ ಇದೇ ಕಂಪನಿಯ ಇನ್ನೊಂದು ವಿಭಾಗ ಮೈಸೂರಿನಲ್ಲಿ ಆಪ್ಟಿಕಲ್ ಫೈಬರ್ ಕೇಬಲ್ ತಯಾರಿಸುತ್ತ ಬಂದಿದೆ. ಕಾಗದವನ್ನು ಹಿಂದೆ ಸರಿಸುವ ತಂತಿಯನ್ನು ಕಾಗದದವರೇ ನೇಯ್ದದ್ದನ್ನು ವ್ಯಂಗ್ಯವೆನ್ನುವುದಕ್ಕಿಂತ ವರ್ತಕರ ಮುಂದಾಲೋಚನೆ ಎನ್ನುವುದೇ ಸರಿ.

ಈ ಸೀಮೆಯಿಂದ ಹೊರಕ್ಕೆ ಮಾರಾಟವಾಗುವುದರಲ್ಲಿ ಆನ್‌ಲೈನ್ ವ್ಯವಹಾರಕ್ಕೆ ಸುಲಭವಾಗಿ ಒಗ್ಗಿದ್ದು ಎರಡು. ಒಂದು ಹಳೆಯ ಸರಕಾದ ನಾಟಾ: ಡಿಪೋದ ದಿಮ್ಮಿಗಳಿಗೆ ಈಗ ಕೂಗು ಹರಾಜಿನ ಬದಲು ಜಾಲದ ಮೇಲೆ ಇ-ಹರಾಜು ನಡೆಯುತ್ತದೆ. ಇನ್ನೊಂದು, ಕಾಡನ್ನು ಕಡಿಯದೆ ಮಾರುವ ಹೊಸ ಕಸುಬು, ಅಂದರೆ ಪ್ರವಾಸೋದ್ಯಮ. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾಗಿ 2015ರಲ್ಲಿ ಕಾಳಿಯ ಹೆಸರು ಪಡೆದ ಕಾಡಿನ ಅಂಚಿನಲ್ಲಿ ರೆಸಾರ್ಟು, ಹೋಮ್‌ಸ್ಟೇಗಳು ಸಾಲುಗಟ್ಟಿವೆ. ಸೂಪಾ ಜಲಾಶಯದಿಂದ ವಿದ್ಯುತ್ತಿಗಾಗಿ ಬಿಡುವ ನೀರನ್ನು ನೆಚ್ಚಿ ಗಣೇಶಗುಡಿಯ ಬಳಿ ತೆಪ್ಪದ ಸಾಹಸಕ್ರೀಡೆ ನಡೆಯುತ್ತದೆ. ಬುಕ್ಕಿಂಗ್ ಬಹುಮಟ್ಟಿಗೆ ಜಾಲತಾಣಗಳ ಮೂಲಕವೇ ಆಗುವುದರಿಂದ ಪ್ರತಿ ಕೋಣೆಯ ಬಾಡಿಗೆಯಲ್ಲಿ ತಾಣದ ಕಮಿಷನ್ ಒಂದು ಪಾಲಾಗುತ್ತದೆ. ತನ್ನದೇ ಮಾಲು ಇಟ್ಟುಕೊಳ್ಳದೆ ಇತರರ ಮಾಲಿಗೆ ಗಿರಾಕಿ ಹುಡುಕಿಕೊಟ್ಟು ದಲಾಲಿ ಪಡೆಯುವ ಇಂಥ ವ್ಯವಸ್ಥೆಗೆ ಸರ್ಕಾರಿ ಕಡತಗಳಲ್ಲಿ ಮಾರುಕಟ್ಟೆ ಮಾದರಿ ಎಂಬ ಹೆಸರಿದೆ. ಹುಬ್ಬಳ್ಳಿಯ ಪೇಟೆಗೆ ಹತ್ತಿ, ಮೆಣಸಿನಕಾಯಿ ಒಯ್ದ ರೈತನಿಗೆ ಅದು ಅಡತಿ ಅಂಗಡಿ ಎಂದರೆ ಬೇಗ ತಿಳಿದೀತು.

ಸಿದ್ದಿ ಹೆಂಗಸರ ಕೌದಿಯ ಉದಾಹರಣೆ ಇದಕ್ಕಿಂತ ಸೂಕ್ಷ್ಮವಾದದ್ದು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿದು, ನಾಲ್ಕು ಮೂಲೆಗಳಿಗೆ ಫೂಲ ಎಂಬ ಮಡಿಕೆಯ ಬಟ್ಟೆ ಇಟ್ಟರೆ ಮಾತ್ರ ಮುಗಿಯಿತೆನ್ನುವ ಈ ಕೌದಿ ಮನೆಯ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೊದೆಯಲು ಆದದ್ದು, ಪೇಟೆಯ ಸರಕಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವನ್ನು ಅಧ್ಯಯನ ಮಾಡಿ, 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೊಂದು ರೂಪುಗೊಳ್ಳಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಅಂದಿನಿಂದ ಕೌದಿಗಳು ಅಷ್ಟಿಷ್ಟು ಹೊರದೇಶಕ್ಕೆ ಹೋದವು, ಆದರೆ ಕೌದಿಗಿಂತ ವೇಗವಾಗಿ ಹೋದದ್ದು ಹೊಲಿಗೆಯ ವಿಧಾನ. ಅಮೆರಿಕ, ಯೂರೋಪುಗಳಲ್ಲಿ ಕೌದಿ ಹೊಲಿಯುವ ಹವ್ಯಾಸಿಗಳು ಇಂದು ಅದನ್ನು ಸಿದ್ದಿಗಳು ಕರೆಯುವ ಕವಂದಿ ಎಂಬ ಹೆಸರಿನಲ್ಲೇ ವಿಡಿಯೊ ನೋಡಿ, ಶುಲ್ಕ ತೆತ್ತು ಆನ್‌ಲೈನ್ ತರಗತಿಗೆ ಸೇರಿ ಕಲಿಯುತ್ತಾರೆ. ಜಾಲದಲ್ಲಿ ಭಾರವಾದ ವಸ್ತುವಿಗೆ ಸಾಗಣೆಯ ವೆಚ್ಚ ತಗಲುತ್ತದೆ, ವಿದ್ಯೆಗೆ ತಗಲುವುದಿಲ್ಲ. ಆ ವಿದ್ಯೆಯ ಮೂಲದವರಿಗೆ ಅದರಿಂದ ಬರಬೇಕಾದ ಪಾಲನ್ನು ಕಟ್ಟಿಕೊಡುವ ವಿ.ಪಿ.ಪಿ.ಯಂಥ ಸೇವೆಯನ್ನು ಇನ್ನೂ ಯಾರೂ ರೂಪಿಸಿಲ್ಲ.

ಭಾರದ ಪ್ರಶ್ನೆ ಜೋಯಿಡಾದ ಕುಣಬಿಗರ ಗೆಡ್ಡೆಗಳಿಗೂ ಅಡ್ಡ ಬರುತ್ತದೆ. ಕಳೆದೊಂದು ದಶಕದಿಂದ ಜನವರಿಯ ಸುಮಾರಿಗೆ ಜೋಯಿಡಾದಲ್ಲಿ ನಡೆಯುವ ಗೆಡ್ಡೆಗೆಣಸು ಮೇಳಕ್ಕೆ ಮುಡ್ಲಿಯೇ ಮೊದಲಾಗಿ ಬಗೆಬಗೆಯ ಗೆಡ್ಡೆಗಳು ಬರುತ್ತವೆ, ದೂರದೂರದ ಗಿರಾಕಿಗಳು ತಾವೇ ಬಂದು ಕೊಳ್ಳುತ್ತಾರೆ; ಅಲ್ಲಿ ಸಂತೆಯ ನಿಯಮವೇ ಇಂದಿಗೂ ಲಾಭಕರ. ಉಪ್ಪಿನಕಾಯಿ, ಮುರುಗಲಿನ ರಸದಂಥ ಹಗುರವಾದ, ಬಾಳಿಕೆಯ ಸರಕಿಗೆ ಜಾಲದ ಮಾರುಕಟ್ಟೆ ಒದಗೀತಾದರೂ ಅಲ್ಲಿ ಕಾಯ್ದೆಯ ತೊಡಕಿದೆ. ಅಂಗಡಿಯಲ್ಲಿ ಮಾರುವ ಸಣ್ಣ ವ್ಯಾಪಾರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮುಟ್ಟುವವರೆಗೆ ಜಿಎಸ್‌ಟಿ ನೋಂದಣಿ ಬೇಡವಾದರೂ, ಅದೇ ಸರಕನ್ನು ಇ-ವಾಣಿಜ್ಯ ತಾಣದ ಮೂಲಕ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಈ ಕಟ್ಟು ಸಡಿಲವಾಗಿದೆ, ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಹೀಗಾಗಿ ಜೋಯಿಡಾದ ಹೆಂಗಸರ ಸಂಘವೊಂದು ಹಾಕಿದ ಉಪ್ಪಿನಕಾಯಿ ನೋಂದಣಿಯಿಲ್ಲದೆ ರಾಜ್ಯದ ಇನ್ನೊಂದು ತುದಿಯ ಬೀದರಿಗೆ ಹೋಗಬಹುದು. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದರೆ ಸಿಗುವ ಗೋವಾದ ಕುಳೆಂ ಊರಿಗೆ ಹೋಗುವಂತಿಲ್ಲ.